ಯಂತ್ರವೆಂಬ ಲಿಪಿಕಾರ

1979ನೆಯ ಇಸವಿ. ನಾನು ಆಗ ಧಾರವಾಡದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೆ. ವಿದ್ಯಾರ್ಥಿನಿಲಯದ ನನ್ನ ಕೋಣೆಯ ಜೊತೆಗಾರನ ಬಳಿ ಒಂದು ಹಳೆಯ ಟ್ರಾನ್ಸಿಸ್ಟರ್ ಇತ್ತು. ಹಗಲೆಲ್ಲ ಪಂಪ ರನ್ನರ ಪಾಠಾಂತರಗಳೊಡನೆ ಹೆಣಗಿ ದಣಿದ ನಾವು, ರಾತ್ರಿ ದೀಪವಾರಿಸಿ, ಕಿರುತರಂಗದ ನಿಲ್ದಾಣಗಳನ್ನು ಹುಡುಕುತ್ತ ಮಲಗುತ್ತಿದ್ದೆವು. ಹಾಗೆ ಒಂದು ರಾತ್ರಿ ‘ವಾಯ್ಸ್ ಆಫ್ ಅಮೆರಿಕ’ದಿಂದ ವಿಲ್ಲಿಸ್ ಕೊನೊವರ್ ಎಂಬಾತನ ತುಂಬುದನಿ ಕೇಳಿಬಂತು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯಲೆಂದು ಆತ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಆಡುತ್ತಿದ್ದ. 1955ರಿಂದ ಆತ ನಡೆಸಿಕೊಂಡು ಬಂದಿದ್ದ ಜಾಝ್ ಕಾರ್ಯಕ್ರಮ ಅದು. ಮಾತಿನ ಹಿಂದೆಯೇ ಒಂದು ತುತ್ತೂರಿಯ ನಾದ ಬಂತು. ಅದು ಉಕ್ಕಿ ಬಂದು, ಹಾಗೆಯೇ ಇಂಗಿ, ಮರೆಯಾಯಿತೆನ್ನುವಷ್ಟರಲ್ಲಿ ಮತ್ತೆ ಉಕ್ಕುತ್ತಿತ್ತು. ಇದೆಂಥ ನುಡಿಸಾಣಿಕೆ ಎಂದು ನಾನು ಬೆರಗಾದೆ.

ಎಷ್ಟೋ ವರ್ಷಗಳ ಮೇಲೆ ಅದೇ ಧ್ವನಿಮುದ್ರಿಕೆಯನ್ನು ಮಿತ್ರರೊಬ್ಬರ ಮನೆಯಲ್ಲಿ ಒಳ್ಳೆಯ ಉಪಕರಣದ ಮೇಲೆ ಕೇಳಿದಾಗ, ಆ ಏರಿಳಿತ ವಾದಕನದಾಗಿರಲಿಲ್ಲವೆಂದು ತಿಳಿಯಿತು. ಅದು ಮೇಲಿನ ವಾಯುಮಂಡಲದಲ್ಲಿ ಬಾಗಿ ಬರುವ ರೇಡಿಯೊ ಅಲೆಗಳ ಆಟವಾಗಿತ್ತು. ನನಗೆ ನಾಚಿಕೆಯಾಯಿತು. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಯಂತ್ರದ ಮೂಲಕ ನಾವು ಕೇಳುವ ಸಂಗೀತದಲ್ಲಿ ಕಲಾವಿದನದೆಷ್ಟು, ಯಂತ್ರದ್ದೆಷ್ಟು? ಈ ಪ್ರಶ್ನೆಯನ್ನು ಜಾಝ್ ಸಂಗೀತದ ಇತಿಹಾಸವನ್ನು ಮುಂದಿಟ್ಟುಕೊಂಡು ನೋಡಬೇಕೆಂಬುದು ಇಂದಿನ ನನ್ನ ಉದ್ದೇಶ.

ಜಾಝನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಕರಿಯ ಜನರ ನಡುವೆ ರೂಪುಗೊಂಡ ಈ ಸಂಗೀತದ ಜೀವಾಳ ಮನೋಧರ್ಮ. ಬರೆದಿಟ್ಟ ಸ್ವರಗಳು ಅಲ್ಲಿ ನೆಪಮಾತ್ರ. ಆ ಕ್ಷಣದಲ್ಲಿ ಹುಟ್ಟಿದ್ದೇ ಕೃತಿ. ಆದ್ದರಿಂದ ಜಾಝ್ ಪಾಲಿಗೆ ಧ್ವನಿಮುದ್ರಿಕೆಯೇ ಓಲೆಗರಿ. ಅದೂ ಇಲ್ಲವಾದರೆ ಉಳಿಯುವುದು ಬರಿಯ ಹೆಸರು. ಬಡ್ಡಿ ಬೋಲ್ಡನ್ ಎಂಬ ಕಾರ್ನೆಟ್ ವಾದಕನ ಪಾಡು ಹಾಗಾಯಿತು. ಜಾಝ್‌ನ ಆದಿಪುರುಷರಲ್ಲಿ ಒಬ್ಬನೆಂದು ಹಿರಿಯ ವಾದಕರು ಹೇಳುತ್ತಿದ್ದ ಈತ 1907ರಲ್ಲಿ ಚಿತ್ತಭ್ರಮೆಗೊಳಗಾಗಿ ಆಸ್ಪತ್ರೆ ಸೇರಿದ. 1931ರಲ್ಲಿ ಅಲ್ಲಿಯೇ ತೀರಿಕೊಂಡ. ಅವನ ತಂಡ ಒಮ್ಮೆ ಮೇಣದ ಸಿಲಿಂಡರಿನ ಮೇಲೆ ನುಡಿಸಿತ್ತೆಂದು ಜೊತೆಗಾರನೊಬ್ಬ ನೆನೆದದ್ದುಂಟು. ಆ ಸಿಲಿಂಡರು ಇಂದಿಗೂ ಸಿಕ್ಕಿಲ್ಲ. ನಮ್ಮಲ್ಲಿಯೂ ಹೆಸರು ಉಳಿದು ಕಾವ್ಯ ಅಳಿದ ಕವಿಗಳಿದ್ದಾರಷ್ಟೆ.

ಹಸ್ತಪ್ರತಿಗಳೊಡನೆ ಬದುಕು ಕಳೆದ ನನಗೆ ಗ್ರಾಮಫೋನಿನ ಮೊದಲ ಯುಗ ಅಪರಿಚಿತವೆನಿಸುವುದಿಲ್ಲ. ನಮ್ಮ ಲಿಪಿಕಾರ ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆದ. ಅಲ್ಲಿ ನಾದವೇ ಒಂದು ಮುಳ್ಳನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಿಸಿತು. ವಿದ್ಯುತ್ತಿನ ಸಹಾಯ ಆಗ ಇರಲಿಲ್ಲ. ವಾದಕರು ಒಂದು ದೊಡ್ಡ ಕಹಳೆಯ ಬಾಯಿಗೆ ಎದುರಾಗಿ ನುಡಿಸಬೇಕು. ಕಹಳೆಯ ಕೊನೆಯಲ್ಲಿದ್ದ ತೆಳುವಾದ ಪೊರೆ ಅದುರಬೇಕು. ಆ ಅದುರು ಮುಳ್ಳಿಗೆ ಸಾಗಬೇಕು. 1917ರ ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿ ‘ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್’ ಎಂಬ ತಂಡವನ್ನು ಮುದ್ರಿಸಿಕೊಂಡದ್ದು ಹೀಗೆಯೇ. ಜಾಝ್ ಹೆಸರಿನಲ್ಲಿ ಮಾರಾಟಕ್ಕೆ ಬಂದ ಮೊದಲ ಮುದ್ರಿಕೆ ಅದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಕರಿಯರ ಸಂಗೀತ ಹೀಗೆ ಮೊದಲು ತಟ್ಟೆಗೆ ಇಳಿದದ್ದು ಬಿಳಿಯರ ತಂಡವೊಂದರ ಕೈಯಿಂದ ಎಂಬುದನ್ನೂ ಮರೆಯಲಾಗದು.

ಆರು ವರ್ಷಗಳ ಬಳಿಕ, 1923ರ ಏಪ್ರಿಲಿನಲ್ಲಿ, ಕಿಂಗ್ ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡ್ ಷಿಕಾಗೊದಿಂದ ಇಂಡಿಯಾನಾ ಪ್ರಾಂತದ ರಿಚ್ಮಂಡ್ ಎಂಬ ಊರಿಗೆ ಬಂತು. ಅಲ್ಲಿನ ಗೆನೆಟ್ ಕಂಪನಿಯ ಮುದ್ರಣದ ಕೋಣೆ ರೈಲುಹಳಿಯ ಪಕ್ಕದಲ್ಲಿತ್ತು. ಗಾಡಿ ಬಂದರೆ ಕೆಲಸ ನಿಲ್ಲಿಸಿ ಕಾಯಬೇಕು. ತಂಡದ ಎರಡನೆಯ ಕಾರ್ನೆಟ್ ವಾದಕ ಇಪ್ಪತ್ತೊಂದು ವರ್ಷದ ಲೂಯಿ ಆರ್ಮ್‌ಸ್ಟ್ರಾಂಗ್. ಆತನ ನಾದ ಎಷ್ಟು ಬಲವಾಗಿತ್ತೆಂದರೆ ಕಹಳೆಯ ಬಳಿ ನಿಂತರೆ ಉಳಿದವರು ಕೇಳಿಸದೆ ಹೋಗುತ್ತಿದ್ದರು. ಅವನನ್ನು ಎಲ್ಲರಿಂದ ದೂರಕ್ಕೆ, ಕೋಣೆಯ ಮೂಲೆಗೆ ಕಳಿಸಿದರೆಂದು ಆ ತಂಡದ ಪಿಯಾನೊ ವಾದಕಿ, ಮುಂದೆ ಆರ್ಮ್‌ಸ್ಟ್ರಾಂಗನ ಪತ್ನಿಯಾದ ಲಿಲ್ ಹಾರ್ಡಿನ್ ಹೇಳುತ್ತಿದ್ದಳು. ಶತಮಾನದ ಮಹಾವಾದಕನೊಬ್ಬ ಚರಿತ್ರೆಯೊಳಗೆ ಕಾಲಿಟ್ಟದ್ದು ಕೋಣೆಯ ಮೂಲೆಯಿಂದ!

ಲಯವಾದ್ಯಗಳ ಸ್ಥಿತಿ ಇನ್ನೂ ಶೋಚನೀಯ. ದೊಡ್ಡ ಡ್ರಮ್ಮಿನ ಹೊಡೆತಕ್ಕೆ ಮುಳ್ಳು ಮೇಣದ ಗೆರೆಯಿಂದ ಹಾರಿಬಿಡುತ್ತಿತ್ತು. ಆದ್ದರಿಂದ ಬೇಬಿ ಡಾಡ್ಸ್ ಎಂಬ ಅದ್ಭುತ ಲಯಗಾರ ಮರದ ತುಂಡುಗಳನ್ನು ತಟ್ಟಿ ತೃಪ್ತಿಪಡಬೇಕಾಯಿತು. ಬಾಸ್ ಎಂಬ ಮಂದ್ರದ ತಂತಿವಾದ್ಯವನ್ನು ನುಡಿಸುತ್ತಿದ್ದ ಬಿಲ್ ಜಾನ್ಸನ್ ಅಂದು ಬ್ಯಾಂಜೊ ಹಿಡಿದ. ಆ ತಟ್ಟೆಗಳನ್ನು ಕೇಳಿ ಮುಂದಿನವರು ‘ಹಳೆಯ ಜಾಝ್‌ನಲ್ಲಿ ಲಯ ಹಗುರ, ಮಂದ್ರ ಕಡಿಮೆ’ ಎಂದು ತೀರ್ಮಾನಿಸಿದರೆ ಅವರನ್ನು ದೂಷಿಸುವಂತಿಲ್ಲ. ಪ್ರತಿಯಲ್ಲಿ ಇದ್ದದ್ದು ಅಷ್ಟೇ. ನಮ್ಮ ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಅದು ಗ್ರಂಥಪಾತ. ಗರಿ ಮುರಿದುಹೋದ ಕಡೆ ಕವಿ ಏನನ್ನೂ ಬರೆದಿರಲಿಲ್ಲವೆಂದು ನಾವು ಹೇಳುವುದುಂಟೆ?

1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂತು. ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯ ತಂತ್ರಜ್ಞರು ಸಿದ್ಧಪಡಿಸಿದ ಈ ವಿಧಾನದಲ್ಲಿ ಕಹಳೆಯ ಸ್ಥಾನವನ್ನು ಮೈಕ್ರೊಫೋನು ಹಿಡಿಯಿತು. ಪಿಸುದನಿಗೂ ಈಗ ಎಡೆ ದೊರೆಯಿತು. ಬಿಲ್ಲಿ ಹಾಲಿಡೆಯಂಥ ಗಾಯಕಿಯ ಸಣ್ಣ, ಆಪ್ತವಾದ ಕಂಠ ಕಹಳೆಯ ಯುಗದಲ್ಲಿ ಕೇಳಿಸುತ್ತಲೇ ಇರಲಿಲ್ಲವೇನೊ. ಡ್ಯೂಕ್ ಎಲಿಂಗ್ಟನ್ ಅಂತೂ ಯಂತ್ರದ ಸ್ವಭಾವವನ್ನೇ ರಚನೆಗೆ ಬಳಸಿಕೊಂಡ. 1930ರ ‘ಮೂಡ್ ಇಂಡಿಗೊ’ದಲ್ಲಿ ಬಾಯಿಗೆ ಬಿರಡೆ ಹಾಕಿದ ಟ್ರಂಪೆಟ್, ಟ್ರಾಂಬೋನ್‌ಗಳನ್ನು ಮೇಲಿಟ್ಟು, ಸಹಜವಾಗಿ ಮೇಲೆ ಹಾಡುವ ಕ್ಲಾರಿನೆಟ್ಟನ್ನು ತಗ್ಗಿನ ಸ್ವರಕ್ಕೆ ಇಳಿಸಿದ. ಮೂರೂ ಕೂಡಿ ಮೈಕ್ರೊಫೋನಿನ ಮುಂದೆ ಹೊಮ್ಮಿಸಿದ ಬಣ್ಣ ಯಾವ ಒಂದು ವಾದ್ಯದ್ದೂ ಆಗಿರಲಿಲ್ಲ. ಲಿಪಿಕಾರನ ಕೈಬರಹವನ್ನು ತಿಳಿದುಕೊಂಡು ಅದಕ್ಕೆ ಒಪ್ಪುವಂತೆ ಕಾವ್ಯ ಕಟ್ಟಿದ ಕವಿ ಈತ.

ಆದರೆ ಕಾಲದ ಕಟ್ಟು ಸಡಿಲಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷ. ಈ ಕಟ್ಟಿಗೆ ನಮ್ಮವರೂ ಸಿಕ್ಕಿದ್ದರು. 1902ರಲ್ಲಿ ಕಲಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಮೂರು ನಿಮಿಷಕ್ಕೆ ಅಡಕಮಾಡಿ, ಕೊನೆಯಲ್ಲಿ ತನ್ನ ಹೆಸರನ್ನೂ ಸಾರಿದಳು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡೆಂದು ಅಲ್ಲಿನವರಿಗೆ ತಿಳಿಯಬೇಕಷ್ಟೆ. ಅದೇ ಗೌಹರ್ ಜಾನ್ ಮುಂದೆ ನಮ್ಮ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ಕಣ್ಮುಚ್ಚಿದಳು. ಎಲಿಂಗ್ಟನ್ 1935ರಲ್ಲಿ ಒಂದು ದೀರ್ಘ ರಚನೆಯನ್ನು ಮಾಡಿದಾಗ ಅದನ್ನು ತುಂಡರಿಸಿ ನಾಲ್ಕು ಮುಖಗಳಿಗೆ ಹಂಚಬೇಕಾಯಿತು. 1948ರಲ್ಲಿ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33⅓ ಸುತ್ತಿನ ದೀರ್ಘ ತಟ್ಟೆಯನ್ನು ಹೊರತಂದ ಮೇಲೆಯೇ ಬಿಡುಗಡೆ. 1950ರ ಡಿಸೆಂಬರಿನಲ್ಲಿ ಎಲಿಂಗ್ಟನ್ ಅದೇ ‘ಮೂಡ್ ಇಂಡಿಗೊ’ವನ್ನು ಹದಿನೈದು ನಿಮಿಷಗಳಿಗೆ ವಿಸ್ತರಿಸಿ ಮತ್ತೆ ಮುದ್ರಿಸಿದ. ಮುಕ್ತಕ ಖಂಡಕಾವ್ಯವಾಯಿತು.

ಇಷ್ಟಾದ ಮೇಲೆ ಯಂತ್ರದ ಹಿಂದಿನ ಮನುಷ್ಯನ ಮಾತು ಬರಬೇಕು. ರೂಡಿ ವ್ಯಾನ್ ಗೆಲ್ಡರ್ ಎಂಬ ನ್ಯೂಜೆರ್ಸಿಯ ಕಣ್ಣು ಪರೀಕ್ಷಕ ಹಗಲು ಕನ್ನಡಕ ಬರೆದುಕೊಟ್ಟು, ಬಿಡುವಿನಲ್ಲಿ ಹ್ಯಾಕೆನ್‌ಸ್ಯಾಕ್ ಎಂಬ ಊರಿನ ತಂದೆತಾಯಿಯ ಮನೆಯ ಪಡಸಾಲೆಯಲ್ಲಿ ಸಂಗೀತ ಮುದ್ರಿಸುತ್ತಿದ್ದ. 1950ರ ದಶಕದ ಎಷ್ಟೋ ಶ್ರೇಷ್ಠ ಜಾಝ್ ತಟ್ಟೆಗಳು ಆ ಪಡಸಾಲೆಯ ಕೂಸುಗಳು. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಎತ್ತರದ ಮರದ ಚಾವಣಿಯ ಸ್ವಂತ ಸ್ಟುಡಿಯೊ ಕಟ್ಟಿದ. ಕೈಗವಸು ತೊಟ್ಟು ಮೈಕ್ರೊಫೋನು ಮುಟ್ಟುತ್ತಿದ್ದ ಈತ ತನ್ನ ವಿಧಾನವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅವನ ಮುದ್ರಣಗಳಲ್ಲಿ ಸ್ಯಾಕ್ಸಫೋನು ಎದುರಿಗೇ ನಿಂತಂತೆ ಕೇಳುತ್ತದೆ. ಪಿಯಾನೊ ಮಾತ್ರ ಮಂಕೆಂದು ಆಕ್ಷೇಪಿಸುವವರು ಇದ್ದಾರೆ. ಇಂದು ಅವನ ಹಳೆಯ ಎಲ್.ಪಿ.ಗಳನ್ನು ಭಾರಿ ಬೆಲೆ ತೆತ್ತು ಕೊಂಡು ‘ಇದೇ ನಿಜವಾದ ಧ್ವನಿ’ ಎನ್ನುವ ರಸಿಕರು ಲೋಕದ ತುಂಬ ಇದ್ದಾರೆ. ಸೋಜಿಗವೆಂದರೆ ವ್ಯಾನ್ ಗೆಲ್ಡರನಿಗೆ ಎಲ್.ಪಿ.ಯ ಮೇಲೆ ಅಂಥ ಮೋಹವಿರಲಿಲ್ಲ. 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕನ್ನು, ಅಂದರೆ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು ಅಂಕಿಗಳಾಗಿ ಬರೆದಿಡುವ ವಿಧಾನವನ್ನು, ಆತ ಮನಸಾರೆ ಸ್ವಾಗತಿಸಿದ. ಲಿಪಿಕಾರನಿಗೆ ತನ್ನ ಹಳೆಯ ಕಂಠದ ಮಿತಿ ಚೆನ್ನಾಗಿ ಗೊತ್ತಿತ್ತು.

ಲಿಪಿಕಾರ ಎಡವುವುದೂ ಉಂಟು. ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ಜಾಝ್ ಮುದ್ರಿಕೆಗಳಲ್ಲಿ ಬಹುಶಃ ಎಲ್ಲಕ್ಕಿಂತ ಹೆಚ್ಚು ಜನ ಕೇಳಿರುವಂಥದು. ನ್ಯೂಯಾರ್ಕಿನಲ್ಲಿ ಹಿಂದೆ ಚರ್ಚಾಗಿದ್ದ ಕಟ್ಟಡವೊಂದರಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಅದನ್ನು ಮುದ್ರಿಸಿದರು. ಮೊದಲ ದಿನ ಟೇಪಿನ ಮುಖ್ಯ ಯಂತ್ರ ಕೊಂಚ ನಿಧಾನವಾಗಿ ಓಡಿತು. ನಿಧಾನವಾಗಿ ಹಿಡಿದದ್ದನ್ನು ಸರಿಯಾದ ವೇಗದಲ್ಲಿ ನುಡಿಸಿದರೆ ಶ್ರುತಿ ಏರುವುದು ಸಹಜ. ಹೀಗಾಗಿ ತಟ್ಟೆಯ ಮೊದಲ ಮುಖದ ಮೂರೂ ರಚನೆಗಳು ನುಡಿಸಿದ್ದಕ್ಕಿಂತ ತುಸು ಮೇಲಿನ ಶ್ರುತಿಯಲ್ಲಿ, ತುಸು ಚುರುಕಾಗಿ ಲೋಕಕ್ಕೆ ತಲುಪಿದವು. ತಟ್ಟೆಯೊಡನೆ ನುಡಿಸಿ ಕಲಿಯಹೊರಟ ವಾದಕರು ತಮ್ಮ ವಾದ್ಯದ ಶ್ರುತಿಯನ್ನೇ ಸಂಶಯಿಸಿರಬೇಕು. ಅಂದು ಜೊತೆಯಲ್ಲಿ ಓಡಿಸಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾದ ವೇಗದ್ದಾಗಿತ್ತು. ಅದನ್ನು ಆಧರಿಸಿ ತಪ್ಪನ್ನು ತಿದ್ದಿದ ಆವೃತ್ತಿ ಬಂದದ್ದು 1992ರಲ್ಲಿ. ಎರಡು ಪ್ರತಿಗಳನ್ನು ತಾಳೆನೋಡಿ ಶುದ್ಧಪಾಠವನ್ನು ನಿರ್ಣಯಿಸುವ ಈ ಕೆಲಸವನ್ನು ಡಿ.ಎಲ್. ನರಸಿಂಹಾಚಾರ್ಯರು ಕಂಡಿದ್ದರೆ ತಲೆದೂಗುತ್ತಿದ್ದರು. ಆದರೆ ಮೂವತ್ಮೂರು ವರ್ಷ ತಪ್ಪುಪಾಠವನ್ನೇ ಕೇಳಿ ಕಣ್ಣೀರಿಟ್ಟವರ ಅನುಭವ ಸುಳ್ಳೆನ್ನಲು ನನಗೆ ಧೈರ್ಯವಿಲ್ಲ. ಕಿರುತರಂಗದ ಆ ರಾತ್ರಿ ನಾನೂ ಅವರ ಸಾಲಿನವನೇ.

ಹಾಗಾದರೆ ಧ್ವನಿಯ ಗುಣಮಟ್ಟ ಎನ್ನುವುದು ಏನು? ಸದ್ದಿಲ್ಲದ ಶುದ್ಧಿ ಎಂದು ನಾನೂ ಒಮ್ಮೆ ನಂಬಿದ್ದೆ. ಆ ನಂಬಿಕೆಗೆ ತೆತ್ತ ಬೆಲೆಯನ್ನು ಇಲ್ಲಿ ಹೇಳಬೇಕು. 1984ರಲ್ಲಿ, ಹೊಸದಾಗಿ ಅಧ್ಯಾಪಕನಾಗಿದ್ದಾಗ, ಜನಪದ ಗೀತೆಗಳನ್ನು ಸಂಗ್ರಹಿಸಲು ಬಯಲುಸೀಮೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಕೈಯಲ್ಲಿ ಸಣ್ಣದೊಂದು ಕ್ಯಾಸೆಟ್ ಯಂತ್ರ. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಜೋಳ ಬೀಸುತ್ತ ಒಂದು ದೀರ್ಘವಾದ ಬೀಸುವ ಪದ ಹೇಳಿದರು. ಆಮೇಲೆ ಕೇಳಿನೋಡಿದರೆ ಕಲ್ಲಿನ ಗರಗರ ಸದ್ದು ಹಾಡಿನ ಮೇಲೆಲ್ಲ ಹರಡಿತ್ತು. ನನಗೆ ಸಮಾಧಾನವಾಗಲಿಲ್ಲ. “ಆಯೀ, ಕಲ್ಲು ನಿಲ್ಲಿಸಿ ಬರೀ ಹಾಡು ಹೇಳ್ರಿ” ಎಂದು ಕೇಳಿಕೊಂಡು, ಇದ್ದ ಒಂದೇ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ, ಅದರ ಮೇಲೆಯೇ ಮುದ್ರಿಸತೊಡಗಿದೆ. ಅಜ್ಜಿ ನಾಲ್ಕು ಸಾಲು ಹೇಳಿ ನಿಂತರು. ಮತ್ತೆ ತೊಡಗಿ ಮತ್ತೆ ತಡವರಿಸಿದರು. ಕಡೆಗೆ ನಕ್ಕು, “ಕಲ್ಲು ನಿಂತ್ರ ಹಾಡು ಎಲ್ಲಿಂದ ಬರಬೇಕೋ ತಮ್ಮಾ?” ಎಂದರು. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು. ಇನ್ನೊಮ್ಮೆ ಬಂದರಾಯಿತೆಂದು ಹೊರಟುಬಿಟ್ಟೆ. ಮರುವರ್ಷ ಹೋದಾಗ ಅಜ್ಜಿ ಇರಲಿಲ್ಲ. ಆ ಪದ ಮನೆಯ ಬೇರೆ ಯಾರಿಗೂ ಪೂರ್ತಿಯಾಗಿ ಬರುತ್ತಿರಲಿಲ್ಲ. ನನ್ನ ಬಳಿ ಇಂದಿಗೂ ಇರುವುದು ತಡವರಿಸಿದ ಕೆಲವು ಸಾಲು, ಒಂದು ನಗು, ಆ ಒಂದು ಮಾತು. ಬೇಬಿ ಡಾಡ್ಸನ ಕೈಯಿಂದ ಡ್ರಮ್ಮನ್ನು ಕಸಿದುಕೊಂಡದ್ದು ಮುಳ್ಳಿನ ದೌರ್ಬಲ್ಯ. ಅಜ್ಜಿಯ ಲಯವಾದ್ಯವನ್ನು ಕಸಿದುಕೊಂಡದ್ದು ನನ್ನ ವಿದ್ಯೆ. ನಾನು ಸದ್ದೆಂದು ಅಳಿಸಿದ್ದು ಹಾಡಿನ ಅರ್ಧ ಶರೀರವನ್ನು.

ಇದನ್ನು ನೆನೆಯುವಾಗಲೆಲ್ಲ ಇನ್ನೊಂದು ಟೇಪಿನ ಕಥೆ ನನಗೆ ಸ್ವಲ್ಪ ಸಮಾಧಾನ ಕೊಡುತ್ತದೆ. 1963ರ ಮಾರ್ಚ್ 6ರಂದು ಜಾನ್ ಕೋಲ್ಟ್ರೇನ್ ತನ್ನ ಮೂವರು ಸಂಗಡಿಗರೊಡನೆ ವ್ಯಾನ್ ಗೆಲ್ಡರನ ಸ್ಟುಡಿಯೊದಲ್ಲಿ ನುಡಿಸಿದ. ಅದು ಆಗ ಪ್ರಕಟವಾಗಲಿಲ್ಲ. ಕಂಪನಿಯ ಮೂಲ ಟೇಪು ಕಾಲಾಂತರದಲ್ಲಿ ಇಲ್ಲವಾಯಿತು. ಆದರೆ ಮನೆಯಲ್ಲಿ ಕೇಳಿನೋಡಲು ಕೋಲ್ಟ್ರೇನ್ ಒಂದು ಸಾಧಾರಣ ಪ್ರತಿಯನ್ನು ಒಯ್ದಿದ್ದ. 1967ರಲ್ಲಿ ಆತ ತೀರಿಕೊಂಡ. ಆ ಪ್ರತಿ ಮೊದಲ ಪತ್ನಿ ನೈಮಾಳ ಕುಟುಂಬದವರ ಬಳಿ ದಶಕಗಟ್ಟಲೆ ಉಳಿದಿತ್ತು. ಅದರಿಂದಲೇ 2018ರಲ್ಲಿ ‘ಬೋತ್ ಡೈರೆಕ್ಷನ್ಸ್ ಅಟ್ ಒನ್ಸ್’ ಎಂಬ ಮುದ್ರಿಕೆ ಹೊರಬಂದು, ಐವತ್ತೈದು ವರ್ಷ ಮೌನವಾಗಿದ್ದ ಸಂಗೀತ ಮತ್ತೆ ಕೇಳಿಸಿತು. ನಮ್ಮ ಮನೆಗಳ ಅಟ್ಟದ ಮೇಲೆ, ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಓಲೆಗರಿಯ ಕಟ್ಟು ಹೀಗೆಯೇ ಅಲ್ಲವೆ ದೊರೆಯುತ್ತಿದ್ದದ್ದು?

ನಮ್ಮ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂದು ಕೈಮುಗಿದು ಬೇಡುವುದು ವಾಡಿಕೆ. ಯಂತ್ರಕ್ಕೆ ಆ ವಿನಯವಿಲ್ಲವಾದ್ದರಿಂದ ಕೇಳುವವರೇ ಅದನ್ನು ಅದರ ಪರವಾಗಿ ನೆನೆಯಬೇಕಾಗಿದೆ. ನಿಮ್ಮ ಮನೆಯಲ್ಲಿ ಹಿರಿಯರ ದನಿಯಿರುವ ಹಳೆಯ ಕ್ಯಾಸೆಟ್ಟೊಂದು ಇದ್ದರೆ, ಅದು ಎಷ್ಟೇ ಗರಗರ ಎನ್ನುತ್ತಿರಲಿ, ದಯವಿಟ್ಟು ಅಳಿಸಬೇಡಿರಿ. ಮೊದಲು ಇದ್ದಂತೆಯೇ ಒಂದು ನಕಲು ಮಾಡಿಸಿಡಿ. ತಿದ್ದುವ ಕೆಲಸ ಆಮೇಲಿನದು. ಅದನ್ನು ನಮಗಿಂತ ಚೆನ್ನಾಗಿ ಮಾಡಬಲ್ಲವರು ಮುಂದೆ ಬರುತ್ತಾರೆ.