ಐಎಟಿಎಫ್ 16949 ಆಡಿಟ್‌ಗೆ ದಾಖಲೆ ಸಿದ್ಧತೆ

ವಾಹನದ ಬಿಡಿಭಾಗ ತಯಾರಿಸುವ ಕಾರ್ಖಾನೆಗಳು ಗುಣಮಟ್ಟ ನಿರ್ವಹಣೆಯ ಪ್ರಮಾಣಪತ್ರಕ್ಕಾಗಿ ನಡೆಸುವ ಕಾಗದಪತ್ರದ ಕೆಲಸ. 1999ರಲ್ಲಿ ಮೊದಲು ಬಂದ ಐಎಸ್‌ಒ/ಟಿಎಸ್ 16949ರ ಜಾಗಕ್ಕೆ 2016ರ ಅಕ್ಟೋಬರ್‌ನಲ್ಲಿ ಐಎಟಿಎಫ್ 16949 ಮಾನದಂಡ ಬಂದಿತು. ಇದನ್ನು ಐಎಸ್‌ಒ 9001:2015ರ ಜೊತೆಗಿಟ್ಟೇ ಓದಬೇಕು. ಕರ್ನಾಟಕದಲ್ಲಿ ಇಂಥ ಕಾರ್ಖಾನೆಗಳ ಕೆಲವು ನೆಲೆಗಳು ಪೀಣ್ಯ, ಬಿಡದಿ, ಬೆಳಗಾವಿಯ ಉದ್ಯಮಬಾಗ್. ರಿಪೇರಿ ಗ್ಯಾರೇಜುಗಳಿಗೆ ಈ ಮಾನದಂಡ ಅನ್ವಯಿಸದು. ಗ್ರಾಹಕ ಕಂಪನಿ ಕೇಳಿದ ಭಾಗಗಳನ್ನು ತಯಾರಿಸುವ ಸ್ಥಳಕ್ಕೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ.

ಐಎಸ್‌ಒ 9001 ಕೈಬಿಟ್ಟ ಗುಣಮಟ್ಟ ಕೈಪಿಡಿ ಇಲ್ಲಿ ಇನ್ನೂ ಕಡ್ಡಾಯ. ಆದರೆ ಕೆಲಸದ ಜೀವಾಳ ಇರುವುದು ದಾಖಲೆಗಳ ಸರಪಳಿಯಲ್ಲಿ: ಪ್ರಕ್ರಿಯೆಯ ಹರಿವು ನಕ್ಷೆ, ವೈಫಲ್ಯ ವಿಶ್ಲೇಷಣೆಯ ಎಫ್‌ಎಂಇಎ, ನಿಯಂತ್ರಣ ಯೋಜನೆ, ಯಂತ್ರದ ಬಳಿ ತೂಗುಹಾಕುವ ಕೆಲಸದ ಸೂಚನೆ. ಎಫ್‌ಎಂಇಎ ಗುರುತಿಸಿದ ದೋಷವೊಂದಕ್ಕೆ ನಿಯಂತ್ರಣ ಯೋಜನೆಯಲ್ಲಿ ತಪಾಸಣೆಯೇ ಇಲ್ಲದಿದ್ದರೆ ಕಡತ ಎಷ್ಟು ದಪ್ಪವಿದ್ದರೂ ವ್ಯರ್ಥ. ಆದ್ದರಿಂದ ಆಡಿಟರ್ ಕಚೇರಿಯಲ್ಲಿ ಕೂರುವುದಕ್ಕಿಂತ ಲೇಥ್ ಮುಂದೆ ನಿಂತು ಆಪರೇಟರನ್ನೇ ಕೇಳುತ್ತಾರೆ. ಸೂಚನೆ ಅವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಮಾನದಂಡವೇ ಹೇಳುತ್ತದೆ. ಕನ್ನಡದ ಕೆಲಸಗಾರನಿಗೆ ಕನ್ನಡ ಸೂಚನೆ ಕೊಡುವುದು ಉಪಕಾರವಲ್ಲ, ನಿಯಮಪಾಲನೆ.

ಅಳತೆ ಉಪಕರಣಗಳ ಮಾಪನ ಪರಿಶೀಲನೆ, ಆಂತರಿಕ ಆಡಿಟ್, ಆಡಳಿತ ಪರಾಮರ್ಶೆಯ ದಾಖಲೆಗಳೂ ಬೇಕು. ಗ್ರಾಹಕರ ವಿನ್ಯಾಸ ಬದಲಾವಣೆಯನ್ನು 10 ಕೆಲಸದ ದಿನಗಳೊಳಗೆ ಪರಿಶೀಲಿಸುವುದು ಅಪೇಕ್ಷಿತ. ಭಾಗದ ಅನುಮೋದನೆಯ ದಾಖಲೆಯನ್ನು, ಆ ಭಾಗ ಉತ್ಪಾದನೆ ಮತ್ತು ಸೇವೆಯ ಅಗತ್ಯಕ್ಕೆ ಚಾಲ್ತಿಯಲ್ಲಿರುವಷ್ಟು ಕಾಲ ಮತ್ತು ಅದರ ಮೇಲೆ ಒಂದು ಕ್ಯಾಲೆಂಡರ್ ವರ್ಷ ಕಾಪಾಡಬೇಕು. ಪ್ರಮಾಣಪತ್ರದ ಅವಧಿ 3 ವರ್ಷ.