ಹಳಿಗಾಗಿ ಹುಟ್ಟಿದ ಬೆಟ್ಟ

ಲೋಕದಲ್ಲಿ ಮೊದಲು ಬೆಟ್ಟ, ಆಮೇಲೆ ರೈಲು. ಬೆಟ್ಟ ಅಡ್ಡ ಬಂದಿತೆಂದು ಎಂಜಿನಿಯರು ಬಂಡೆ ಸಿಡಿಸುತ್ತಾನೆ, ಸುರಂಗ ಕೊರೆಯುತ್ತಾನೆ. ಪುಟಾಣಿ ರೈಲಿನ ಲೋಕದಲ್ಲಿ ಇದು ತಿರುವುಮುರುವು. ಅಲ್ಲಿ ಹಳಿಯೇ ಮೊದಲು. ಅದು ಸುತ್ತಿ ಬಳಸಿ ಹೋಗಲು ಒಂದು ನೆಪ ಬೇಕಲ್ಲ, ಅದಕ್ಕಾಗಿ ಬೆಟ್ಟ ಹುಟ್ಟುತ್ತದೆ. ಆದರೆ ಈ ಹುಸಿಬೆಟ್ಟವನ್ನು ನೋಡಿದವರು ನಂಬಬೇಕಾದರೆ, ಅದನ್ನು ಮಾಡಿದವನು ನಿಜವಾದ ಬಂಡೆಯನ್ನು ನಮಗಿಂತ ಚೆನ್ನಾಗಿ ನೋಡಿರಬೇಕು.

1891ರಲ್ಲಿ ಜರ್ಮನಿಯ ಮೆರ್ಕ್ಲಿನ್ ಕಂಪನಿ ಲೈಪ್‌ಜಿಗ್ ಸಂತೆಯಲ್ಲಿ ಹಳಿಯ ಸಮೇತ ಆಟದ ರೈಲನ್ನು ಮಾರಾಟಕ್ಕಿಟ್ಟಿತು. ಅದು ಮಕ್ಕಳ ಆಟಿಕೆ. ಹಳಿಯ ಮೇಲೆ ರೈಲು ಓಡಿದರೆ ಮಕ್ಕಳಿಗೆ ಅಷ್ಟೇ ಸಾಕಿತ್ತು. ಮುಂದೆ ದೊಡ್ಡವರು ಈ ಆಟಕ್ಕೆ ಇಳಿದಾಗ ರೈಲಿನ ಜೊತೆಗೆ ಅದು ಓಡುವ ನಾಡೂ ಬೇಕಾಯಿತು.

ಅಂಥ ನಾಡು ಕಟ್ಟಿದವರಲ್ಲಿ ಹೆಸರುವಾಸಿಯಾದವನು ಅಮೆರಿಕದ ಜಾನ್ ಅಲೆನ್. 1913ರಲ್ಲಿ ಹುಟ್ಟಿದ ಈತ ವೃತ್ತಿಯಿಂದ ಛಾಯಾಗ್ರಾಹಕ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ಸುಮಾರು ಎರಡು ದಶಕ ಒಂದೇ ರೈಲ್ವೆಯನ್ನು ಕಟ್ಟಿದ. ಅಳತೆ ನಿಜದ 87ರಲ್ಲಿ ಒಂದು ಪಾಲು; ಆರಡಿ ಆಳು ಅಲ್ಲಿ ಎರಡು ಸೆಂಟಿಮೀಟರ್. ಬೆಟ್ಟಗಳು ಮಾತ್ರ ನೆಲದಿಂದ ಚಾವಣಿಯವರೆಗೆ! ಜಾಗ ಸಾಲದ ಕಡೆ ಕನ್ನಡಿಗಳನ್ನು ನಿಲ್ಲಿಸಿ ಕಣಿವೆಯನ್ನು ಹಿಗ್ಗಿಸಿದ. ಬೋಗಿಗಳನ್ನು ಎಳೆದಾಡಲು ಎಮ್ಮಾ ಎಂಬ ಆಟಿಕೆ ಡೈನೋಸಾರನ್ನೂ ಕೆಲಸಕ್ಕೆ ಇಟ್ಟುಕೊಂಡಿದ್ದ. ರೈಲ್ವೆಗೆ ಇಟ್ಟ ಹೆಸರನ್ನು ಇಂಗ್ಲಿಷಿನಲ್ಲಿ ಓದಿದರೆ ‘ಗೋರಿ ಅಂಡ್ ಡಿಫೀಟೆಡ್’ ಎಂದಾಗುತ್ತದೆ. ಎಂದರೆ ನೆತ್ತರು ಸುರಿಸಿ ಸೋತದ್ದು. ನಮ್ಮ ಕಿವಿಗೆ ಗೋರಿ ಎಂದರೆ ಬೇರೆಯೇ ಅರ್ಥ, ಅದೂ ಸುಳ್ಳಾಗಲಿಲ್ಲ.

ಬಂಡೆ ಮಾಡುವ ಬಗೆ ಕೇಳಿ. ಮರದ ಚೌಕಟ್ಟಿಗೆ ತಂತಿಬಲೆ ಹೊದಿಸಿ, ಮೇಲೆ ಪ್ಲಾಸ್ಟರ್ ಮೆತ್ತಿ, ಅದು ಬಿಗಿಯುವ ಮೊದಲೇ ಚಾಕುವಿನಿಂದ ಕೆತ್ತುವುದು ಹಳೆಯ ಕ್ರಮ. ಅದಕ್ಕೆ ಮೊದಲೇ ಬಣ್ಣ ಕಲಸಿಟ್ಟರೆ ಚೂರು ಹಾರಿದರೂ ಬಿಳುಪು ಇಣುಕದು. ‘ಮಾಡೆಲ್ ರೈಲ್‌ರೋಡರ್’ ಪತ್ರಿಕೆಯ ಸಂಪಾದಕ ಲಿನ್ ವೆಸ್ಟ್‌ಕಾಟ್ 1960ರ ದಶಕದಲ್ಲಿ ಇನ್ನೊಂದು ದಾರಿಯನ್ನು ಬಳಕೆಗೆ ತಂದ. ಸುದ್ದಿಪತ್ರಿಕೆಯ ಉಂಡೆಗಳನ್ನು ಬೆಟ್ಟದಂತೆ ಪೇರಿಸಿ, ಗಟ್ಟಿ ಪ್ಲಾಸ್ಟರಿನಲ್ಲಿ ಅದ್ದಿದ ಕಾಗದದ ಕೈವಸ್ತ್ರಗಳನ್ನು ಮೇಲೆ ಹೊದಿಸುವುದು. ಒಣಗಿದ ಮೇಲೆ ಒಳಗಿನ ಉಂಡೆ ತೆಗೆದರೂ ತೆಳು ಚಿಪ್ಪು ತಾನೇ ನಿಲ್ಲುತ್ತದೆ.

ಭೂಗೋಳದ ಪಾಠಕ್ಕೆಂದು ಕಾಗದ ನೆನೆಸಿ ಉಬ್ಬುನಕ್ಷೆ ಮಾಡಿಸಿದ ನಮ್ಮಂಥ ಉಪಾಧ್ಯಾಯಿನಿಯರಿಗೆ ಇದು ಪರಿಚಿತ ಕೆಲಸವೇ. ಆದರೆ ನಮ್ಮ ಹುಡುಗಿಯರ ಪಶ್ಚಿಮ ಘಟ್ಟ ಯಾವಾಗಲೂ ಇಡ್ಲಿಯ ಸಾಲಿನಂತೆ ಕಾಣುತ್ತಿತ್ತು. ಬೆಟ್ಟವೆಂದರೆ ಗುಡ್ಡೆ ಎಂದು ಮನಸ್ಸು ಮೊದಲೇ ಹೇಳಿಬಿಟ್ಟಿರುತ್ತದೆ. ಕೈ ಅದನ್ನೇ ಮಾಡುತ್ತದೆ. ಬಂಡೆಗೆ ಪದರವಿದೆ, ಬಿರುಕಿದೆ, ವಾಲುವ ದಿಕ್ಕಿದೆ. ಆದ್ದರಿಂದ ಬಲ್ಲವರು ನಿಜವಾದ ಕಲ್ಲಿನ ಮೇಲೆ, ಕೆಲವೊಮ್ಮೆ ಒಡೆದ ಕಲ್ಲಿದ್ದಲಿನ ಮೇಲೆ, ದ್ರವ ರಬ್ಬರನ್ನು ಪದರ ಪದರವಾಗಿ ಬಳಿದು ಅಚ್ಚು ತೆಗೆಯುತ್ತಾರೆ. ಅದರಲ್ಲಿ ಪ್ಲಾಸ್ಟರ್ ಹೊಯ್ದು ಬೆಟ್ಟಕ್ಕೆ ಒತ್ತುತ್ತಾರೆ. ಒಂದು ಅಚ್ಚಿನ ಪದರ ಪಕ್ಕದ ಅಚ್ಚಿನಲ್ಲಿ ಮುಂದುವರಿಯದಿದ್ದರೆ ಕಣ್ಣು ಕೂಡಲೇ ಮೋಸ ಹಿಡಿಯುತ್ತದೆ. ಕೊನೆಗೆ ನೀರಾದ ಕಪ್ಪು ಬಣ್ಣ ಬಿಟ್ಟರೆ ಅದು ಬಿರುಕುಗಳಿಗೆ ಇಳಿದು ನೆರಳಾಗುತ್ತದೆ. ಒಣಕುಂಚದಲ್ಲಿ ಅಂಚಿಗೆ ಬಿಳಿ ಸವರಿದರೆ ಬಿಸಿಲಾಗುತ್ತದೆ.

1973ರ ಜನವರಿ 6ರಂದು ಅಲೆನ್ ಹೃದಯಾಘಾತದಿಂದ ತೀರಿಕೊಂಡ. ಮುಖ್ಯ ಹಳಿ ಇನ್ನೇನು ಕೂಡಬೇಕಿತ್ತು. ಹತ್ತು ದಿನಕ್ಕೆ ಮನೆಗೆ ಬೆಂಕಿ ಬಿದ್ದು ರೈಲ್ವೆ ನಾಶವಾಯಿತು. ಅವನ ಕೆಲಸವನ್ನು ಕುರಿತು ಪುಸ್ತಕ ಬರೆದ ವೆಸ್ಟ್‌ಕಾಟ್ 1980ರಲ್ಲಿ ಕಾಲವಾದ; ಪುಸ್ತಕ ಹೊರಬಂದದ್ದು 1981ರಲ್ಲಿ.

ಉಳಿದದ್ದು ಅಲೆನ್ ತಾನೇ ತೆಗೆದ ಛಾಯಾಚಿತ್ರಗಳು. ಇತಿಹಾಸ ಓದಿಸುವವಳಾದ ನನಗೆ ಇದು ಹೊಸದಲ್ಲ; ಕೋಟೆ ಬಿದ್ದ ಮೇಲೂ ಕಟ್ಟುವ ವಿದ್ಯೆ ಊರೂರು ತಿರುಗುತ್ತಿರುತ್ತದೆ. ಆ ಚಿತ್ರಗಳನ್ನು ನೋಡಿ ಎಷ್ಟೋ ಜನ ತಮ್ಮ ಮನೆಯ ಮೂಲೆಯಲ್ಲಿ ಬೆಟ್ಟ ಕಟ್ಟಿದರು. ಕಟ್ಟುವ ಮೊದಲು ಅವರೂ ಹೊರಗೆ ಹೋಗಿ, ದಾರಿಬದಿಯ ಒಂದು ಬಂಡೆಯ ಮುಂದೆ ನಿಂತು, ಅದು ಹೇಗೆ ಒಡೆದಿದೆ ಎಂದು ನೋಡಬೇಕಾಯಿತು.