ಆಹಾರ ಪದಾರ್ಥಗಳ ಶೋಧಸಾಧನ ಮತ್ತು ಅದರ ವಿವರಣೆ: ಒಂದು ಚಾರಿತ್ರಿಕ ಸಮೀಕ್ಷೆ

ಅಂಗಡಿಯಲ್ಲಿ ದೊರೆಯುವ ಆಹಾರದ ಪೊಟ್ಟಣಗಳ ವಿಷಯವನ್ನು ಹುಡುಕಿಕೊಡುವ ಸಾಧನಗಳನ್ನು ಇಂದು ಮನುಷ್ಯರಲ್ಲದೆ ಕೃತಕ ಬುದ್ಧಿಮತ್ತೆಯ ಏಜೆಂಟುಗಳೂ ಉಪಯೋಗಿಸುತ್ತಿವೆ. ಏಜೆಂಟ್ ಎಂದರೆ, ಕೇಳಿದ ಪ್ರಶ್ನೆಗೆ ಉತ್ತರ ಹೊಂದಿಸುವುದಕ್ಕಾಗಿ ತಾನೇ ಸಾಧನಗಳನ್ನು ಆರಿಸಿ ನಡೆಸುವ ಗಣಕವ್ಯವಸ್ಥೆ. ಅಂಥ ಸಾಧನದೊಡನೆ ಬರೆದಿಡುವ ವಿವರಣೆ ಮೇಲುನೋಟಕ್ಕೆ ಕೇವಲ ತಾಂತ್ರಿಕ ವಿಷಯವೆಂದು ತೋರಬಹುದು. ಆದರೆ ಪದಾರ್ಥವನ್ನು ಕಣ್ಣಾರೆ ಕಾಣದವನಿಗೆ ಅದರ ಗುಣವನ್ನು ತಿಳಿಸುವುದು ಹೇಗೆ ಎಂಬ ಹಳೆಯ ಪ್ರಶ್ನೆಯ ಇತಿಹಾಸದಲ್ಲಿ ಅದು ಈಚಿನ ಘಟ್ಟ. ಆ ಘಟ್ಟಗಳನ್ನು ಕ್ರಮವಾಗಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆಹಾರದ ಗುಣಗಳನ್ನು ಪಟ್ಟಿಮಾಡುವ ಕಾರ್ಯ ಬಹು ಹಿಂದೆಯೇ ಆರಂಭವಾಯಿತು. ಅಮೆರಿಕದಲ್ಲಿ ಡಬ್ಲ್ಯು. ಒ. ಆಟ್‌ವಾಟರ್ ಮತ್ತು ಅವರ ಸಹೋದ್ಯೋಗಿಗಳು 1896ರಲ್ಲಿ ಆ ದೇಶದ ಆಹಾರವಸ್ತುಗಳ ರಾಸಾಯನಿಕ ಸಂಯೋಜನೆಯನ್ನು ಪ್ರಕಟಿಸಿದರು. ಭಾರತದಲ್ಲಿ ಕೂನೂರಿನ ಪೋಷಣಾ ಸಂಶೋಧನಾಲಯದ ಡಬ್ಲ್ಯು. ಆರ್. ಐಕ್ರಾಯ್ಡ್ 1937ರಲ್ಲಿ ಇಂಥದೇ ಕೈಪಿಡಿಯನ್ನು ಹೊರತಂದರು. ಇಂಥ ಪಟ್ಟಿಗಳಲ್ಲಿ ಬರುವುವು ಅಕ್ಕಿ, ರಾಗಿ, ತೊಗರಿ ಮೊದಲಾದ ಸಾಮಾನ್ಯ ಹೆಸರುಗಳು. ಕಾರ್ಖಾನೆಯ ಬಿಸ್ಕತ್ತಿಗೆ ಇಷ್ಟು ಸಾಲದು. ಹೆಸರು ಒಂದೇ ಆದರೂ ಒಳಗಿನ ಹಿಟ್ಟು, ಎಣ್ಣೆ, ಸಕ್ಕರೆಗಳ ಪ್ರಮಾಣ ತಯಾರಕನಿಂದ ತಯಾರಕನಿಗೆ ಬೇರೆಯಾಗುವುದು.

ಪ್ರತಿಯೊಂದು ಬಗೆಯ ಪೊಟ್ಟಣಕ್ಕೂ ಪ್ರತ್ಯೇಕ ಗುರುತು ಬಂದುದು ವ್ಯಾಪಾರದ ಅನುಕೂಲದಿಂದ. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ ಎಂಬ ಅಮೆರಿಕನ್ನರು 1952ರಲ್ಲಿ ಗೆರೆಗಳ ಸಂಕೇತಕ್ಕೆ ಪೇಟೆಂಟ್ ಪಡೆದರು. 1973ರಲ್ಲಿ ಅಲ್ಲಿಯ ದಿನಸಿ ಉದ್ಯಮವು 12 ಅಂಕಿಗಳ ಬಾರ್‌ಕೋಡನ್ನು ಅಂಗೀಕರಿಸಿತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ಈ ಸಂಕೇತವಿದ್ದ ಚೂಯಿಂಗ್ ಗಮ್ಮಿನ ಕಟ್ಟೊಂದು ಮಾರಾಟವಾಯಿತು. 1977ರಲ್ಲಿ ಬ್ರಸೆಲ್ಸಿನಲ್ಲಿ ಸ್ಥಾಪಿತವಾದ ಸಂಘವು 13 ಅಂಕಿಗಳ ಪದ್ಧತಿಯನ್ನು ಬಳಕೆಗೆ ತಂದಿತು. ಮೊದಲಿಗೆ ಬರುವ 890 ಎಂಬುದು ಸಂಖ್ಯೆಯನ್ನು ಹಂಚಿದ ಸಂಸ್ಥೆ ಭಾರತದ್ದೆಂದು ಸೂಚಿಸುವುದೇ ಹೊರತು ಪದಾರ್ಥ ಇಲ್ಲಿಯೇ ತಯಾರಾಯಿತೆಂದು ಸಾಧಿಸುವುದಿಲ್ಲ. ಸಂಖ್ಯೆ ಬರಿಯ ಹೆಸರು. ಒಳಗೇನಿದೆ ಎಂಬುದನ್ನು ಅದು ಹೇಳದು.

ಈ ಹೆಸರಿಗೆ ವಿಷಯವನ್ನು ಜೋಡಿಸಿದ ಪ್ರಯತ್ನಗಳಲ್ಲಿ, 2012ರಲ್ಲಿ ಫ್ರಾನ್ಸಿನ ಸ್ಟೆಫಾನ್ ಜಿಗಾಂಡೆ ಆರಂಭಿಸಿದ ‘ಓಪನ್ ಫುಡ್ ಫ್ಯಾಕ್ಟ್ಸ್’ ಮುಖ್ಯವಾದುದು. ಸ್ವಯಂಸೇವಕರು ಪೊಟ್ಟಣದ ಚಿತ್ರ ತೆಗೆದು, ಲೇಬಲ್ಲಿನಲ್ಲಿರುವುದನ್ನು ಬಾರ್‌ಕೋಡಿನ ಅಡಿಯಲ್ಲಿ ದಾಖಲಿಸುವರು. ಬಹುಜನರ ದುಡಿಮೆಯಾದುದರಿಂದ ಇದರ ವಿಸ್ತಾರ ದೊಡ್ಡದು. ಆ ಕಾರಣದಿಂದಲೇ ದಾಖಲೆಗಳು ಏಕರೂಪವಾಗಿಲ್ಲ. ಒಂದರಲ್ಲಿ ಸಕಲ ವಿವರಗಳೂ ಇದ್ದರೆ ಮತ್ತೊಂದರಲ್ಲಿ ಹೆಸರು ಮಾತ್ರ ಇದ್ದೀತು.

2023ರಿಂದೀಚೆಗೆ ಭಾಷಾಮಾದರಿಗಳಿಗೆ ಹೊರಗಿನ ಸಾಧನಗಳನ್ನು ಜೋಡಿಸುವ ಕ್ರಮ ವ್ಯಾಪಕವಾಯಿತು. 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್’ ಎಂಬ ನಿಯಮಾವಳಿಯಲ್ಲಿ ಸಾಧನದ ಹೆಸರು, ಆಡುಮಾತಿನ ವಿವರಣೆ, ಒದಗಿಸಬೇಕಾದ ಮಾಹಿತಿಯ ರೂಪ ಇವುಗಳಿಗೆ ಸ್ಥಾನವುಂಟು. ಏಜೆಂಟು ಸಾಧನವನ್ನು ಆರಿಸುವುದು ಮುಖ್ಯವಾಗಿ ಇವುಗಳ ಆಧಾರದಿಂದ. ಸಂದೇಹ ಬಂದಾಗ ಗ್ರಾಹಕನು ಕೈಯಲ್ಲಿರುವ ಪೊಟ್ಟಣವನ್ನು ತಿರುಗಿಸಿ ಓದಬಲ್ಲನು. ದಾಖಲೆಯನ್ನು ಮಾತ್ರ ಪಡೆದ ಏಜೆಂಟಿಗೆ ಆ ಅವಕಾಶವಿಲ್ಲ. ಆದುದರಿಂದ ವಿವರಣೆಯಲ್ಲಿ ಬಿಟ್ಟುಹೋದ ಮಾತು ಉತ್ತರದಲ್ಲಿ ದೋಷವಾಗಿ ಪರಿಣಮಿಸಬಹುದು.

ಇದಕ್ಕೆ ಮೂರು ಉದಾಹರಣೆಗಳನ್ನು ಕೊಡಬಹುದು. ಮೊದಲನೆಯದು, ಬಾರ್‌ಕೋಡನ್ನು ಅಕ್ಷರಗಳ ಸಾಲೆಂದು ಭಾವಿಸಬೇಕು. ಅಮೆರಿಕದ 12 ಅಂಕಿಗಳ ಸಂಕೇತವನ್ನು 13 ಅಂಕಿಗಳ ರೂಪದಲ್ಲಿ ಬರೆಯುವಾಗ ಮುಂದೆ ಸೊನ್ನೆ ಸೇರುವುದು. ಲೆಕ್ಕದ ಸಂಖ್ಯೆಯೆಂದು ತಿಳಿದರೆ ಆ ಸೊನ್ನೆ ಲೋಪವಾಗುವುದು. ಎರಡನೆಯದು, ಮಾನಗಳ ಭೇದ. ಯುರೋಪಿನ ಒಕ್ಕೂಟದ ಲೇಬಲ್ಲು ಉಪ್ಪನ್ನು ಗ್ರಾಮುಗಳಲ್ಲಿ ತಿಳಿಸಿದರೆ ಭಾರತದ ಲೇಬಲ್ಲು ಸೋಡಿಯಮನ್ನು ಮಿಲಿಗ್ರಾಮುಗಳಲ್ಲಿ ತಿಳಿಸುವುದು. ಲೇಬಲ್ಲಿನ ಲೆಕ್ಕದಲ್ಲಿ 400 ಮಿಲಿಗ್ರಾಂ ಸೋಡಿಯಂ 1 ಗ್ರಾಂ ಉಪ್ಪಿಗೆ ಸಮ. ಈ ಸಂಬಂಧವನ್ನು ಹೇಳದಿದ್ದರೆ ರಕ್ತದ ಒತ್ತಡವುಳ್ಳವನಿಗೆ ಸಿಗುವ ಸಲಹೆ ತಲೆಕೆಳಗಾಗಬಹುದು.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಅಲರ್ಜಿಕಾರಕಗಳ ಅಂಕಣ ಖಾಲಿಯಾಗಿದ್ದರೆ, ಆ ಪದಾರ್ಥದಲ್ಲಿ ಅವು ಇಲ್ಲವೆಂದು ಅರ್ಥವಲ್ಲ. ಯಾರೂ ತುಂಬದೆ ಬಿಟ್ಟಿರಬಹುದು. ‘ಇಲ್ಲ’ ಎಂಬುದಕ್ಕೂ ‘ದಾಖಲಾಗಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ವಿವರಣೆಯಲ್ಲಿ ಸ್ಪಷ್ಟಪಡಿಸದಿದ್ದರೆ, ಕಡಲೆಕಾಯಿಯಿಂದ ಪ್ರಾಣಾಪಾಯವಿರುವ ಮಗುವಿನ ತಾಯಿಗೆ ‘ತಿನ್ನಿಸಬಹುದು’ ಎಂಬ ಉತ್ತರ ಹೋಗಬಹುದು.

ಮೇಲಿನ ಸಮೀಕ್ಷೆಯಿಂದ ವಿದಿತವಾಗುವುದೇನೆಂದರೆ, ಪಟ್ಟಿಯಿಂದ ಸಂಖ್ಯೆಗೆ, ಸಂಖ್ಯೆಯಿಂದ ದಾಖಲೆಗೆ, ದಾಖಲೆಯಿಂದ ಏಜೆಂಟಿಗೆ ಸಾಗಿದಂತೆಲ್ಲ ಪದಾರ್ಥಕ್ಕೂ ಅದರ ವಿಷಯ ಹೇಳುವವನಿಗೂ ನಡುವಣ ದೂರ ಹೆಚ್ಚಿದೆ. ಆ ದೂರವನ್ನು ತುಂಬುವ ಹೊಣೆ ವಿವರಣೆಯ ಮೇಲಿದೆ. ಸಾಧನಕ್ಕೆ ಏನು ಗೊತ್ತು ಎಂಬುದರ ಜೊತೆಗೆ ಏನು ಗೊತ್ತಿಲ್ಲ ಎಂಬುದನ್ನೂ ಬರೆದಿಟ್ಟಾಗಲೇ ಆ ಹೊಣೆ ತೀರುವುದು.